ಕಡಲ ದಡದವರ ಬೇಸಗೆ

ಗೋವೆಯ ಗಡಿಗೆ ಹೊಂದಿದ ಮಾಜಾಳಿಯಿಂದ ಮೊದಲಾಗಿ ತೆಂಕಲು ಭಟ್ಕಳದವರೆಗೆ ಚಾಚಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯು ಸಹ್ಯಾದ್ರಿಗೂ ಪಡುಗಡಲಿಗೂ ನಡುವೆ ಸಿಕ್ಕಿದ ಇಕ್ಕಟ್ಟಾದ ನೆಲವಾಗಿದೆ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ ಎಂಬ ಐದು ತಾಲೂಕುಗಳು ಈ ನೆಲವನ್ನು ಹಂಚಿಕೊಂಡಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ಹೊಳೆಗಳು ಘಟ್ಟವನ್ನಿಳಿದು, ಈ ನೆಲವನ್ನು ಅಡ್ಡಡ್ಡವಾಗಿ ಸೀಳಿಕೊಂಡು ಸಮುದ್ರವನ್ನು ಸೇರುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಭಾಗವು ಜೂನಿನಿಂದ ಸಪ್ಟಂಬರದವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬಿದ್ದುಹೋಗುತ್ತದೆ. ಆ ನಾಲ್ಕು ತಿಂಗಳು ಕಡಲು ಕೆರಳಿರುತ್ತದೆ, ಹೊಳೆಗಳು ತುಂಬಿರುತ್ತವೆ, ಹಿಂದಿನ ಕಾಲದಲ್ಲಂತೂ ಊರಿಂದ ಊರಿಗೆ ಹೋಗುವ ಹಾದಿಗಳೂ ಮುಚ್ಚಿಹೋಗುತ್ತಿದ್ದವು. ಆದುದರಿಂದ ಈ ಸೀಮೆಯ ಬೇಸಗೆಯ ಚರಿತ್ರೆಯನ್ನು ತಿಳಿಯಬಯಸುವವರು ಮೊದಲು ಇದರ ಮಳೆಗಾಲವನ್ನು ನೆನೆಯುವದು ಅವಶ್ಯವಾಗಿದೆ. ಬೇರೆ ಸೀಮೆಗಳಲ್ಲಿ ಬೇಸಗೆಯೆಂದರೆ ಬಿಡುವಿನ ಕಾಲ. ಇಲ್ಲಿ ಅದು ನಾಲ್ಕು ತಿಂಗಳ ಸೆರೆವಾಸಕ್ಕೆ ಬುತ್ತಿ ಕಟ್ಟಿಕೊಳ್ಳುವ ಕಾಲ.

ಹೊರಗಿನಿಂದ ಬಂದವರ ಕಣ್ಣಿಗೆ ಈ ತೀರವು ಬೇರೆ ಬೇರೆಯಾಗಿ ತೋರಿದೆ. 1883ರಲ್ಲಿ ಕವಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದು ಕೆಲಕಾಲ ಇದ್ದರು. ಅರ್ಧಚಂದ್ರಾಕಾರದ ಮರಳದಂಡೆ, ಗಾಳಿಮರದ ತೋಪು, ಬೆಳದಿಂಗಳಲ್ಲಿ ಕಾಳಿಯ ಹೊಳೆಯಲ್ಲಿ ಮಾಡಿದ ದೋಣಿಯ ವಿಹಾರ ಇವೆಲ್ಲವೂ ಅವರ ಮನಸ್ಸಿನಲ್ಲಿ ನೆಲೆನಿಂತು, ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವು ಅಲ್ಲಿಯೇ ರಚಿತವಾಯಿತು. ಅದೇ 1883ರಲ್ಲಿ ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ಕಾನಡಾ ಸಂಪುಟವೂ ಬೆಳಕು ಕಂಡಿತು. ಆ ಗ್ರಂಥವು ಇದೇ ತೀರದ ದೋಣಿಗಳನ್ನು ಎಣಿಸಿತು, ಜಾತಿಗಳನ್ನು ವರ್ಗೀಕರಿಸಿತು, ಬಂದರಗಳ ಹುಟ್ಟುವಳಿಯನ್ನು ಕೋಷ್ಟಕದಲ್ಲಿ ಕೂಡಿಸಿತು. ಕವಿಯ ಕಣ್ಣು ಸೌಂದರ್ಯವನ್ನು ಕಂಡಿತು. ಅಧಿಕಾರಿಯ ಕಣ್ಣು ಉತ್ಪನ್ನವನ್ನು ಕಂಡಿತು. ಎರಡೂ ಸುಳ್ಳಲ್ಲ. ಆದರೆ ಆ ದಂಡೆಯ ಮೇಲೆಯೇ ಹುಟ್ಟಿ, ಅಲ್ಲಿಯೇ ದುಡಿದು, ಅಲ್ಲಿಯೇ ಮಣ್ಣಾದವರ ಕಣ್ಣಿಗೆ ಬೇಸಗೆಯು ಹೇಗೆ ಕಂಡಿತೆಂಬದು ಕಾವ್ಯದಲ್ಲಿಯೂ ಇಲ್ಲ, ಕೋಷ್ಟಕದಲ್ಲಿಯೂ ಇಲ್ಲ. ಅದು ಅವರ ಕೆಲಸಗಳಲ್ಲಿ ಮಾತ್ರ ಬರೆದಿರುತ್ತದೆ.

ಈ ಬೇಸಗೆಗೆ ತನ್ನದೇ ಆದ ಪಂಚಾಂಗವುಂಟು. ಗೋಕರ್ಣದ ಮಹಾಶಿವರಾತ್ರಿಯ ತೇರು ಮುಗಿಯಿತೆಂದರೆ ಚಳಿ ಹಿಂದೆಗೆದು ಬಿಸಿಲು ಬಲಿಯತೊಡಗುತ್ತದೆ. ಫಾಲ್ಗುಣದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಮೇಳಗಳು ಬಣ್ಣದ ತುರಾಯಿಗಳನ್ನು ತಲೆಗೇರಿಸಿಕೊಂಡು ಮನೆಯಂಗಳಗಳಲ್ಲಿ ಕುಣಿದು, ಹೋಳಿಯ ಹುಣ್ಣಿಮೆಯೊಂದಿಗೆ ತಮ್ಮ ಕುಣಿತವನ್ನು ಮುಗಿಸುತ್ತವೆ. ಯುಗಾದಿಯ ತರುವಾಯ ಕೆಲಸವೂ ಬಿಸಿಲೂ ಜೊತೆಯಾಗಿಯೇ ಏರುತ್ತವೆ. ವೈಶಾಖದ ಹುಣ್ಣಿಮೆಗೆ ಅಂಕೋಲೆಯಲ್ಲಿ ಭೂಮ್ತಾಯಿಯೆಂದು ಜನರು ಕರೆಯುವ ಶಾಂತಾದುರ್ಗೆಯ ಬಂಡಿಹಬ್ಬವು ನೆರೆಯುತ್ತದೆ. ಅದರಾಚೆಗೆ ಉಳಿಯುವದು ಕೆಲವೇ ದಿನಗಳು. ರೋಹಿಣಿಯ ಮಳೆ ಹನಿದು ಹೋದರೆ, ಮೃಗಶಿರೆಯು ಹೊಸ್ತಿಲಲ್ಲಿಯೇ ನಿಂತಿರುತ್ತದೆ. ಶಿವರಾತ್ರಿಯಿಂದ ಮೃಗಶಿರೆಯವರೆಗಿನ ಈ ನೂರು ದಿನಗಳ ಸುಮಾರಿನ ಅವಧಿಯೇ ದಡದವರ ಪಾಲಿಗೆ ವರ್ಷದ ಬೆನ್ನೆಲುಬು.

ಬೇಸಗೆಯ ಬೆಳೆಗಳಲ್ಲೆಲ್ಲ ಮೊದಲನೆಯದು ಉಪ್ಪು. ಬಿತ್ತದೆ ಬರುವ ಬೆಳೆಯಾದರೂ ಇದು ದುಡಿಯದೆ ಬರುವದಲ್ಲ. ಗೋಕರ್ಣಕ್ಕೆ ಸಮೀಪದ ಸಾಣಿಕಟ್ಟೆಯಲ್ಲಿ, ಅಘನಾಶಿನಿಯು ಕಡಲನ್ನು ಕೂಡುವ ಹಿನ್ನೀರಿನ ಬದಿಯಲ್ಲಿ, ಉಪ್ಪಿನ ಆಗರಗಳು ಹಿಂದಿನಿಂದಲೂ ಇವೆ. ಭರತಿಯ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು ದೊಡ್ಡ ಕಟ್ಟೆಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಬತ್ತುತ್ತ ಗಟ್ಟಿಯಾದಂತೆಲ್ಲ ಅದನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿ, ಕೊನೆಗೆ ಸಣ್ಣ ಸಣ್ಣ ಮಡಿಗಳಿಗೆ ಹಾಯಿಸುತ್ತಾರೆ. ಆ ಮಡಿಗಳ ನೆಲವನ್ನು ಮೊದಲೇ ಕಾಲಿನಿಂದ ತುಳಿದು, ತಟ್ಟಿ, ಕನ್ನಡಿಯಂತೆ ಸಮಮಾಡಿರಬೇಕು. ನೆಲದಲ್ಲಿ ಬಿರುಕು ಬಿಟ್ಟರೆ ನೀರು ಇಂಗಿಹೋಗಿ ಶ್ರಮವೆಲ್ಲ ವ್ಯರ್ಥವಾಗುವದು. ಹರಳುಗಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿಮಾಡುವರು. ಮಳೆ ಬರುವ ಮುನ್ನ ರಾಶಿಗಳಿಗೆ ಹೊದಿಕೆ ಹೊದಿಸಿ ಕಾಪಾಡುವರು. ಈ ಉಪ್ಪು ಅಚ್ಚ ಬಿಳುಪಿನದಲ್ಲ. ಅದರಲ್ಲಿ ನೆಲದ ಛಾಯೆಯು ಸ್ವಲ್ಪ ಇಳಿದಿರುತ್ತದೆ. ಮಿಡಿಗಾಯಿಯ ಭರಣಿಗೂ ಮೀನಿಗೂ ಈ ದಪ್ಪ ಹರಳೇ ಬೇಕೆನ್ನುವ ಗೃಹಿಣಿಯರು ಇಂದಿಗೂ ಉಂಟು. ಈ ಕೆಲಸವನ್ನು ಪರಂಪರೆಯಿಂದ ನಡೆಸಿಬಂದವರು ಆಗೇರರು. ಆಗರವೆಂಬ ಶಬ್ದವೇ ಅವರ ಹೆಸರಿನಲ್ಲಿ ಉಳಿದುಬಂದಿರುವದನ್ನು ವಾಚಕರು ಗಮನಿಸಬಹುದು.

ಬಿಸಿಲೂ ಕಡಲೂ ಕೂಡಿ ಕೊಡುವ ಈ ವಸ್ತುವಿನ ಮೇಲೆ ಅರಸೊತ್ತಿಗೆಯ ಕಣ್ಣು ಬಿದ್ದುದು ಚರಿತ್ರೆಯ ಒಂದು ಕಹಿಯಾದ ಅಧ್ಯಾಯ. 1799ರಲ್ಲಿ ಟಿಪ್ಪು ಸುಲ್ತಾನನ ಪತನದೊಡನೆ ಕನ್ನಡ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1805ರಲ್ಲಿ ಮದರಾಸು ಇಲಾಖೆಯಲ್ಲಿ ಉಪ್ಪು ಸರಕಾರದ ಏಕಸ್ವಾಮ್ಯದ ಸರಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕಡಲ ದಡದ ಜನರು ಎರಡು ಇಲಾಖೆಗಳ ಪ್ರಜೆಗಳಾದರು. ಆದರೆ ಉಪ್ಪಿನ ಕರವು ಎರಡೂ ಕಡೆಯವರನ್ನು ಬಿಡಲಿಲ್ಲ. 1882ರ ಹಿಂದುಸ್ತಾನದ ಉಪ್ಪಿನ ಕಾಯಿದೆಯೂ, 1890ರ ಮುಂಬಯಿಯ ಉಪ್ಪಿನ ಕಾಯಿದೆಯೂ ಈ ಬಿಗಿಯನ್ನು ಇನ್ನಷ್ಟು ಬಲಪಡಿಸಿದವು. ಬಂಡೆಯ ಗುಂಡಿಯಲ್ಲಿ ತಾನಾಗಿ ಹರಳುಗಟ್ಟಿದ ಉಪ್ಪನ್ನು ಬೊಗಸೆಯಲ್ಲಿ ಬಾಚಿಕೊಂಡ ಹೆಂಗಸೂ ಕಾಯಿದೆಯ ಕಣ್ಣಿನಲ್ಲಿ ಅಪರಾಧಿಯಾದಳು. ಗಂಜಿಗೆ ಹಾಕುವ ಉಪ್ಪಿಗೆ ಕರ. ಮೀನಿಗೆ ಸವರುವ ಉಪ್ಪಿಗೆ ಕರ. ಕರದ ಭಾರದಿಂದ ಮೀನು ಕೆಡುವದನ್ನು ಕಂಡು ಸರಕಾರವೇ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಕರಾವಳಿಯ ಹಲವೆಡೆ ತನ್ನ ಕಾವಲಿನ ಅಂಗಳಗಳನ್ನು ತೆರೆದು, ಅಲ್ಲಿ ಮಾತ್ರ ಸೋವಿಯ ಉಪ್ಪನ್ನು ಬೆಸ್ತರಿಗೆ ಕೊಡಿಸಬೇಕಾಯಿತು. ಕಡಲಿನ ಉಪ್ಪನ್ನು ಕಡಲಿನ ಮೀನಿಗೆ ಹಾಕಲು ದಡದವರಿಗೆ ಅಪ್ಪಣೆ ಬೇಕಾದ ಕಾಲವದು.

1930ರ ಬೇಸಗೆಯಲ್ಲಿ ಈ ಅನ್ಯಾಯಕ್ಕೆ ಉತ್ತರ ದೊರೆಯಿತು. ಎಪ್ರಿಲ 6ರಂದು ಮಹಾತ್ಮಾ ಗಾಂಧಿಯವರು ದಾಂಡಿಯಲ್ಲಿ ಹಿಡಿ ಉಪ್ಪನ್ನೆತ್ತಿ ಕಾಯಿದೆಯನ್ನು ಮುರಿದರು. ಅದಾದ ಒಂದೇ ವಾರಕ್ಕೆ, ಜಲಿಯನವಾಲಾ ಬಾಗಿನ ಸ್ಮರಣೆಯ ದಿವಸವಾದ ಎಪ್ರಿಲ 13ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಸತ್ಯಾಗ್ರಹವು ಮೊದಲಾಯಿತು. ಕರ್ನಾಟಕದಲ್ಲಿ ಈ ಸಂಗ್ರಾಮದ ಕೇಂದ್ರವಾಗಿ ಅಂಕೋಲೆಯನ್ನು ಆರಿಸಿದುದು ಕೇವಲ ಕಾಕತಾಳೀಯವಾಗಿರಲಿಲ್ಲ. ಕಡಲಿನ ಸಾನ್ನಿಧ್ಯವಿದ್ದುದಲ್ಲದೆ, ಉಪ್ಪಿನ ಕೆಲಸದ ಮರ್ಮವನ್ನು ಬಲ್ಲ ಜನರೂ, ಮಾತಿಗೆ ತಪ್ಪದ ಒಕ್ಕಲುಮಕ್ಕಳೂ ಅಲ್ಲಿ ಇದ್ದರು. ಈ ಸತ್ಯಾಗ್ರಹವು ಬೇಸಗೆಯಲ್ಲಿಯೇ ನಡೆದುದಕ್ಕೆ ಇನ್ನೊಂದು ಸರಳವಾದ ಕಾರಣವನ್ನು ಚರಿತ್ರಕಾರರು ಸಾಮಾನ್ಯವಾಗಿ ಎತ್ತಿ ಹೇಳುವದಿಲ್ಲ. ಉಪ್ಪು ಹರಳುಗಟ್ಟುವದು ಬಿಸಿಲಿನಲ್ಲಿ. ಮಳೆ ಬಿದ್ದ ಮೇಲೆ ಮುರಿಯುವದಕ್ಕೆ ಕಾಯಿದೆಯಿದ್ದರೂ ಎತ್ತುವದಕ್ಕೆ ಉಪ್ಪಿರುವದಿಲ್ಲ. ದೇಶದ ಸ್ವಾತಂತ್ರ್ಯದ ಒಂದು ಮಹಾಪರ್ವವು ಹೀಗೆ ದಡದವರ ದುಡಿಮೆಯ ಪಂಚಾಂಗವನ್ನೇ ಅನುಸರಿಸಿ ನಡೆಯಿತು.

ಮುಂದಿನ ಕಥೆಯು ಪ್ರಸಿದ್ಧವಾಗಿದೆ. 1931ರ ಮಾರ್ಚ 5ರಂದು ಆದ ಗಾಂಧಿ-ಅರ್ವಿನ್ ಒಪ್ಪಂದದಲ್ಲಿ, ಉಪ್ಪಿನ ನೆಲಗಳ ಬಳಿಯ ಹಳ್ಳಿಗರು ತಮ್ಮ ಬಳಕೆಗೂ ತಮ್ಮ ಹಳ್ಳಿಯೊಳಗಿನ ಮಾರಾಟಕ್ಕೂ ಉಪ್ಪನ್ನು ಮಾಡಿಕೊಳ್ಳಬಹುದೆಂಬ ಮಾತು ಸೇರಿತು. ಅನಂತರದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಭೂಮಿಯನ್ನು ಕಳೆದುಕೊಂಡು, ಸೆರೆಮನೆಗಳನ್ನು ಕಂಡು, ಮನೆಮಾರುಗಳು ಲಿಲಾವಾದರೂ ಬಗ್ಗಲಿಲ್ಲ. ಅಂಕೋಲೆಯು ‘ಕರ್ನಾಟಕದ ಬಾರ್ಡೋಲಿ’ಯೆಂಬ ಹೆಸರನ್ನು ಪಡೆಯಿತು. ಉಪ್ಪಿನ ಕರವು ಕೊನೆಗೆ ರದ್ದಾದುದು 1947ರ ಎಪ್ರಿಲಿನಲ್ಲಿ. ಅದೂ ಒಂದು ಬೇಸಗೆಯೇ.

ಉಪ್ಪಿನ ಬಳಿಕ ಮೀನು. ಈ ತೀರದಲ್ಲಿ ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ಗಾಬಿತ ಮೊದಲಾದವರು ಕಡಲನ್ನೂ ಹೊಳೆಯನ್ನೂ ನಂಬಿ ಬಾಳಿದವರು. ಮಳೆಗಾಲ ಹಿಂದೆಗೆದ ಕೂಡಲೇ ಬಂಗಡೆ, ತಾರ್ಲಿಗಳ ಹಿಂಡುಗಳು ದಡಕ್ಕೆ ಸಾರುತ್ತಿದ್ದ ಕಾಲದಲ್ಲಿ ರಂಪಣಿಯ ಬಲೆಯು ಈ ಊರುಗಳ ಮುಖ್ಯ ಆಧಾರವಾಗಿತ್ತು. ಅದು ಒಬ್ಬನ ಬಲೆಯಲ್ಲ. ಹತ್ತಾರು ಮನೆಗಳವರು ತಂತಮ್ಮ ಪಾಲಿನ ತುಂಡುಗಳನ್ನು ತಂದು ಕೂಡಿಸಿದ ಊರ ಬಲೆ. ದೋಣಿಯಿಂದ ಅದನ್ನು ಕಡಲಿನಲ್ಲಿ ಅರ್ಧವರ್ತುಲವಾಗಿ ಹಾಸಿ, ಎರಡು ತುದಿಗಳ ಹಗ್ಗಗಳನ್ನು ಹಿಡಿದು ದಡದ ಮೇಲಿನಿಂದ ಎಳೆಯುತ್ತಿದ್ದರು. ಸಿಕ್ಕಿದ ಮೀನು ಪಾಲಿಗನುಸಾರವಾಗಿ ಹಂಚಲ್ಪಡುತ್ತಿತ್ತು. ಚೈತ್ರ-ವೈಶಾಖಗಳಲ್ಲಿ ಈ ಬಲೆಗಳನ್ನು ಮರಳಿನ ಮೇಲೆ ಹರವಿ ಹರುಕುಗಳನ್ನು ಹೆಣೆಯುವರು. ನೈಲಾನಿನ ನೂಲು ಬರುವ ಮುಂಚೆ ಸೆಣಬು, ಹತ್ತಿಗಳ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಕುದಿಸಿ ಒಣಗಿಸದಿದ್ದರೆ ಅವು ಉಪ್ಪುನೀರಿಗೆ ಕೊಳೆತುಹೋಗುತ್ತಿದ್ದವು. ಹೀಗೆ ಗಂಡಸರ ಬೇಸಗೆಯು ಬಲೆಯ ಕಣ್ಣುಗಳಲ್ಲಿ ಕಳೆಯುತ್ತಿತ್ತು.

ಹೆಂಗಸರ ಬೇಸಗೆಯು ಒಣಮೀನಿನದು. ಬಿಸಿಲು ಕಾಯುವಷ್ಟು ದಿನ ಬಂಗಡೆಯನ್ನು ಸೀಳಿ, ಕರುಳು ತೆಗೆದು, ಉಪ್ಪು ತುಂಬಿ ಒಣಗಿಸುವದು; ಸೆಟ್ಲಿಯನ್ನು ಮರಳಿನ ಮೇಲೆ ತೆಳ್ಳಗೆ ಹರವಿ, ಗಳಿಗೆಗೊಮ್ಮೆ ತಿರುವಿಹಾಕಿ, ಕಾಗೆ-ನಾಯಿಗಳಿಂದ ಕಾಯುವದು; ಸಂಜೆಯ ಇಬ್ಬನಿಗೆ ಮುನ್ನ ಬಾಚಿ ಒಳಗಿಡುವದು. ಈ ಕೆಲಸಕ್ಕೆ ಬೇಕಾದುದು ಮೂರೇ ವಸ್ತುಗಳು: ಉಪ್ಪು, ಬಿಸಿಲು ಮತ್ತು ಬಯಲಾದ ಮರಳಿನ ನೆಲ. ಒಣಗಿದ ಮೀನಿನ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಅವರು ಸಂತೆಗಳಿಗೆ ಹೋಗುವರು. ಘಟ್ಟದ ಮೇಲಿನ ಊರುಗಳಿಗೂ ಈ ಸರಕು ಏರುತ್ತದೆ. ಮಾರಿದ ಹಣದಿಂದ ಅಕ್ಕಿ, ಮೆಣಸಿನಕಾಯಿ, ದೀಪದೆಣ್ಣೆಗಳನ್ನು ಕೊಂಡುತಂದು ಮಳೆಗಾಲಕ್ಕೆ ಕೂಡಿಡುತ್ತಿದ್ದರು. ಆಷಾಢದ ರಾತ್ರಿ ಗಂಜಿಯ ಜೊತೆಗೆ ಕೆಂಡದ ಮೇಲೆ ಸುಟ್ಟ ಒಂದು ಒಣಬಂಗಡೆಯಿದ್ದರೆ ಬಡವನ ಮನೆಯಲ್ಲಿ ಅಂದು ಹಬ್ಬ. ಆ ಹಬ್ಬವು ವೈಶಾಖದ ಬಿಸಿಲಿನಲ್ಲಿ ಹೆಂಗಸಿನ ಬೆನ್ನಿನ ಮೇಲೆ ಬೆಂದುಬಂದುದೆಂಬದನ್ನು ಮರೆಯಬಾರದು.

ಹೊಳೆಯ ಬಾಯಿಗಳಲ್ಲಿ ಬೇಸಗೆಯ ಕೆಲಸವು ಬೇರೆ ಬಗೆಯದು. ಅಘನಾಶಿನಿಯ ಹಿನ್ನೀರಿನಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗಿಳಿದು ಬಳಚು ಆಯುವರು. ಕಡಲಬಂಡೆಗಳಿಂದ ನೀಲಿಕಲ್ಲನ್ನು ಎಬ್ಬಿಸಿ ತರುವರು. ಒಳಗಿನ ಮಾಂಸವು ಅಡಿಗೆಗಾದರೆ, ಚಿಪ್ಪು ಸುಣ್ಣದ ಗೂಡಿಗೆ. ಮನೆಯ ಗೋಡೆಗೂ ವೀಳ್ಯದ ಎಲೆಗೂ ಈ ಚಿಪ್ಪಿನ ಸುಣ್ಣವೇ ಬಳಕೆಯಲ್ಲಿತ್ತು. ಹಿನ್ನೀರಿನ ಬದಿಯ ತಗ್ಗು ಗದ್ದೆಗಳಿಗೆ ಗಜನಿಯೆಂದು ಹೆಸರು. ಅಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ, ಉಪ್ಪನ್ನು ತಾಳುವ ಭತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ತೂಬನ್ನು ತೆರೆದು ಉಪ್ಪುನೀರನ್ನು ಬಿಟ್ಟುಕೊಂಡು ಸೆಟ್ಲಿ, ಮೀನುಗಳನ್ನು ಹಿಡಿಯುವರು. ಒಂದೇ ನೆಲವು ಆರು ತಿಂಗಳು ಗದ್ದೆ, ಆರು ತಿಂಗಳು ಕೆರೆ. ಮಳೆ ಹತ್ತಿರವಾದಂತೆ ನೀರನ್ನು ಹೊರಬಿಟ್ಟು ನೆಲವನ್ನು ಒಣಗಿಸಿ, ಮಣ್ಣಿನ ಕಟ್ಟೆಯ ಒಡಕುಗಳನ್ನು ಮುಚ್ಚಬೇಕು. ಒಬ್ಬನ ಗದ್ದೆಯ ಕಟ್ಟೆ ಒಡೆದರೆ ನೆರೆಯವರೆಲ್ಲರ ಬೆಳೆಗೂ ಉಪ್ಪು ನುಗ್ಗುವದಾದ್ದರಿಂದ ಈ ಕೆಲಸವನ್ನು ಊರವರು ಕೂಡಿಯೇ ಮಾಡುತ್ತಿದ್ದರು. ಕಟ್ಟೆಯು ಮಣ್ಣಿನದಾಗಿದ್ದರೂ ಅದನ್ನು ನಿಲ್ಲಿಸಿದ್ದು ಈ ಒಕ್ಕಟ್ಟು.

ಬಂದರಗಳಿಗೂ ಬೇಸಗೆಯೇ ಅಬ್ಬರದ ಕಾಲವಾಗಿತ್ತು. ಅಮೇರಿಕೆಯಲ್ಲಿ 1861ರಿಂದ 1865ರವರೆಗೆ ಅಂತಃಕಲಹವು ನಡೆದು, ಇಂಗ್ಲಂಡದ ಗಿರಣಿಗಳಿಗೆ ಅಲ್ಲಿಯ ಹತ್ತಿಯು ಬಾರದೆ ಹೋದಾಗ, ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಎತ್ತುಗಳ ಮೇಲೆಯೂ ಬಂಡಿಗಳಲ್ಲಿಯೂ ಆ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬರುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರು ಇಂಗ್ಲಂಡದ ಪೇಟೆಗಳವರೆಗೆ ಹಬ್ಬಿತು. ಕುಮಟೆಯಲ್ಲಿ ಹತ್ತಿಯ ಬೆಳೆಯಿಲ್ಲದಿದ್ದರೂ, ಹಡಗು ಹತ್ತಿದ ಊರಿನ ಹೆಸರೇ ಸರಕಿಗೆ ಅಂಟಿಕೊಂಡಿತು. ಅದೇ ದಶಕದಲ್ಲಿ ಕಾರವಾರವನ್ನು ದೊಡ್ಡ ಬಂದರವನ್ನಾಗಿ ಮಾಡುವ ಯತ್ನವೂ ನಡೆದು, 1864ರಲ್ಲಿ ದೇವಗಡದ ದ್ವೀಪದ ಮೇಲೆ ದೀಪಸ್ತಂಭವು ನಿಂತಿತು. ಆದರೆ 1880ರ ದಶಕದ ಕೊನೆಗೆ ಮುರಗಾಂವದಿಂದ ಘಟ್ಟವನ್ನೇರುವ ರೇಲ್ವೆಯು ಸಿದ್ಧವಾಗಲು, ಮೇಲುಸೀಮೆಯ ಸರಕೆಲ್ಲ ಗೋವೆಯ ದಾರಿಯನ್ನು ಹಿಡಿಯಿತು. ಈ ಬಂದರಗಳು ಬಡವಾದವು. ಆ ಮೇಲೂ ಬಹುಕಾಲ ಮಚ್ವೆ, ಪಾತೇಮಾರಿಗಳು ಹಂಚು, ತೆಂಗು, ಕಟ್ಟಿಗೆ, ಉಪ್ಪುಗಳನ್ನು ಹೊತ್ತು ಬೇಸಗೆಯುದ್ದಕ್ಕೂ ಓಡಾಡುತ್ತಿದ್ದವು. ಮುಂಬಯಿಯ ಆಗಬೋಟುಗಳು ಉದ್ಯೋಗಕ್ಕೆ ಹೋದ ಮಕ್ಕಳನ್ನು ಮೇ ತಿಂಗಳಲ್ಲಿ ಊರಿಗೆ ತಂದಿಳಿಸುತ್ತಿದ್ದವು. ಮೇ ತಿಂಗಳ ಕೊನೆಗೆ ಹಡಗುಗಳ ಓಡಾಟವು ನಿಲ್ಲುತ್ತಿತ್ತು. ದೋಣಿಗಳನ್ನು ಮರಳಿನ ಮೇಲೆ ಎಳೆದು, ತೆಂಗಿನ ಮಡಲಿನ ಚಪ್ಪರ ಹಾಕಿ ಮುಚ್ಚಿಡುತ್ತಿದ್ದರು. ಮತ್ತೆ ಅವು ನೀರಿಗಿಳಿಯುವದು ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿದ ತರುವಾಯ.

ಮನೆಯೊಳಗಿನ ಸಿದ್ಧತೆಯೇನೂ ಇದಕ್ಕಿಂತ ಕಡಿಮೆಯದಾಗಿರಲಿಲ್ಲ. ಮಡಲನ್ನು ಹೆಣೆದು ಮಾಡಿಗೆ ಹೊದಿಸುವದು, ಕಟ್ಟಿಗೆಯನ್ನು ಒಡೆದು ಒಟ್ಟುವದು, ಅಂಗಳದಲ್ಲಿ ಹಪ್ಪಳ-ಸಂಡಿಗೆಗಳನ್ನು ಒಣಗಿಸುವದು, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವದು, ಮುರುಗಲ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ವರ್ಷದ ಹುಳಿಗೆ ಕೂಡಿಡುವದು ಇವೆಲ್ಲವೂ ಅದೇ ನೂರು ದಿನಗಳೊಳಗೆ ಮುಗಿಯಬೇಕು. ಪೋರ್ತುಗೀಜರು 16ನೆಯ ಶತಮಾನದಲ್ಲಿ ಬ್ರಾಝಿಲಿನಿಂದ ತಂದ ಗೇರುಮರವು ಈ ತೀರದ ಬರಡು ಗುಡ್ಡಗಳನ್ನು ತನ್ನ ತವರೆಂದೇ ಬಗೆಯಿತು. ಅದರ ಬೀಜವನ್ನು ಸುಟ್ಟು ಒಡೆಯುವದು ಮಕ್ಕಳಿಗೆ ಬೇಸಗೆಯ ಆಟವೂ ಹೌದು, ಗಳಿಕೆಯೂ ಹೌದು. ಅಂಕೋಲೆಯ ಕರಿ ಈಶಾಡು ಮಾವಂತೂ ಕೆಲವೇ ವಾರಗಳ ಅತಿಥಿ. ಅದರ ಸಿಪ್ಪೆಯು ತೆಳು, ತಿರುಳು ಧಾರಾಳ, ದೂರದ ಪಯಣಕ್ಕೆ ಮೈಗೊಡದು. ಆದಕಾರಣ ಅದರ ಸವಿಯು ಬಹುಮಟ್ಟಿಗೆ ಊರಿನವರ ಪಾಲಿಗೇ ಉಳಿದಿತ್ತು. 2023ರಲ್ಲಿ ಅದಕ್ಕೆ ಭೌಗೋಲಿಕ ಗುರುತಿನ ಮನ್ನಣೆಯು ದೊರೆತು, ಅದರ ಹೆಸರು ಹೊರಗೂ ಹಬ್ಬಿತು.

ಇಷ್ಟು ದುಡಿಮೆಯ ನಡುವೆ ವಿನೋದವಿರಲಿಲ್ಲವೆಂದಲ್ಲ. ಗದ್ದೆಗಳು ಬರಿದಾಗಿರುವಾಗ ಅಲ್ಲಿಯೇ ಯಕ್ಷಗಾನದ ರಂಗಸ್ಥಳವು ಏಳುತ್ತಿತ್ತು. 1934ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಮೇಳವನ್ನು ಸ್ಥಾಪಿಸಿದರು. ಬೇಸಗೆಯ ರಾತ್ರಿ ಚಂಡೆಯ ಸದ್ದು ಕಡಲಗಾಳಿಯಲ್ಲಿ ಹರಿದು ಬಂದರೆ, ಹಗಲೆಲ್ಲ ಮೀನು ಹರವಿದವರೂ ಉಪ್ಪು ಎಳೆದವರೂ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಿನವರೆಗೆ ಕುಳಿತುಬಿಡುವರು. ಹಾಲಕ್ಕಿಯ ಹೆಂಗಸರು ಹಾಡುತ್ತಲೇ ದುಡಿದವರು, ದುಡಿಯುತ್ತಲೇ ಹಾಡಿದವರು. ಆ ಹಾಡುಗಳ ಭಂಡಾರವನ್ನು ಕಂಠದಲ್ಲಿ ಕಾಪಾಡಿದ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. 2025ರಲ್ಲಿ ಅವರು ತೀರಿಕೊಂಡಾಗ ಒಂದು ಪುಸ್ತಕಾಲಯವೇ ಮುಚ್ಚಿದಂತಾಯಿತು. ಮದುವೆಗಳೂ ದೇವತಾಕಾರ್ಯಗಳೂ ಈ ಕಾಲದಲ್ಲಿಯೇ. ಹೊಳೆಗಳಲ್ಲಿ ನೀರಿಳಿದು ತಾರಿಯ ದೋಣಿಗಳು ನಿರಾತಂಕವಾಗಿ ಸಾಗುವಾಗಲೇ ದಿಬ್ಬಣಗಳು ದಾಟಬೇಕಲ್ಲವೆ? ಕೂಡುವ ಕಾಲದಲ್ಲಿ ಕೂಡದಿದ್ದರೆ ನಾಲ್ಕು ತಿಂಗಳು ಮುಖ ಕಾಣುವಂತಿರಲಿಲ್ಲ.

ಕಳೆದ ಅರ್ಧಶತಮಾನದಲ್ಲಿ ಈ ಬೇಸಗೆಯ ರೂಪವು ಬಹಳ ಬದಲಾಗಿದೆ. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳು ದೊಡ್ಡ ಸುತ್ತುಬಲೆಗಳನ್ನು ಹೊತ್ತು ಕಡಲಿಗಿಳಿದಾಗ, ಬಂಗಡೆಯ ಹಿಂಡುಗಳು ದಡಕ್ಕೆ ಬರುವ ಮುನ್ನವೇ ನಡುಗಡಲಿನಲ್ಲಿ ಹಿಡಿಯಲ್ಪಟ್ಟವು, ರಂಪಣಿಯು ಕುಗ್ಗಿತು. ಹತ್ತಾರು ಮನೆಗಳ ಪಾಲಿನ ಬಲೆಯ ಜಾಗದಲ್ಲಿ ಬಂಡವಾಳವುಳ್ಳವನ ಬಲೆ ಬಂದಿತು. ಮಳೆಗಾಲದ ಸಂಯಮವನ್ನು ಹಿಂದೆ ಕಡಲೇ ಕಲಿಸುತ್ತಿತ್ತು. ಯಂತ್ರಕ್ಕೆ ಆ ಪಾಠ ತಿಳಿಯದಾದ್ದರಿಂದ ಕಾಯಿದೆಯು ಕಲಿಸಬೇಕಾಯಿತು. 2015ರಿಂದ ಪಶ್ಚಿಮ ತೀರದಲ್ಲೆಲ್ಲ ಜೂನ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಂತ್ರದ ಮೀನುಗಾರಿಕೆಗೆ ನಿಷೇಧವಿದೆ. 1998ರಲ್ಲಿ ಕೊಂಕಣ ರೇಲ್ವೆಯು ಪೂರ್ಣವಾಗಿ ತೆರೆದ ಮೇಲೆ ಮಳೆಗಾಲದ ಏಕಾಂತವೂ ಹಳೆಯ ಮಾತಾಯಿತು. ಅಂಗಡಿಯಲ್ಲಿ ಎಲ್ಲ ಕಾಲಕ್ಕೂ ಎಲ್ಲವೂ ಸಿಗುವಾಗ ಭರಣಿಯನ್ನು ತುಂಬಿಸುವ ಆತುರವೂ ತಗ್ಗಿತು. ಇದರಲ್ಲಿ ದುಃಖಪಡುವಂಥದು ಏನೂ ಇಲ್ಲ. ಹಸಿವಿನ ಭಯದಿಂದ ಬಿಡುಗಡೆಯಾದುದನ್ನು ಯಾರೂ ಹಾನಿಯೆನ್ನಲಾರರು.

ಹಾನಿಯೆನ್ನಬೇಕಾದುದು ಬೇರೆಯದುಂಟು. ಅದು ದಡದ ನೆಲದ ವಿಷಯ. 1986ರಲ್ಲಿ ಕಾರವಾರದ ಅರಗಾ ಬಳಿ ನೌಕಾನೆಲೆಗೆ ಅಡಿಗಲ್ಲು ಬಿದ್ದು, 2005ರ ಮೇ 31ರಂದು ಐ.ಎನ್.ಎಸ್. ಕದಂಬವು ಕಾರ್ಯಾರಂಭಮಾಡಿತು. ದೇಶದ ರಕ್ಷಣೆಗೆ ಅದು ಬೇಕಾದುದೇ. ಆದರೆ ಕಾರವಾರ-ಅಂಕೋಲೆಗಳ ನಡುವಣ ಹಲವು ಊರುಗಳವರು ತಮ್ಮ ಮನೆಗಳ ಜೊತೆಗೆ ದೋಣಿ ಎಳೆಯುವ ಮರಳನ್ನೂ ಬಲೆ ಹರವುವ ಅಂಗಳವನ್ನೂ ಬಿಟ್ಟು ಏಳಬೇಕಾಯಿತು. ಮನೆಗೆ ಬೆಲೆ ಕಟ್ಟಬಹುದು. ಮರಳದಂಡೆಗೆ ಯಾವ ಖಾತೆಯೂ ಇರಲಿಲ್ಲವಾದ್ದರಿಂದ ಅದಕ್ಕೆ ಬೆಲೆಯೂ ಸುಲಭವಾಗಿ ದೊರೆಯುವಂತಿರಲಿಲ್ಲ. ಗೋಕರ್ಣದ ಕುಡ್ಲೆ, ಓಂ ಕಡಲ ತೀರಗಳು ದೇಶವಿದೇಶಗಳ ವಿಹಾರಿಗಳಿಗೆ ಪ್ರಿಯವಾದವು. ಹೊನ್ನಾವರದ ಕಾಸರಕೋಡಿನ ದಂಡೆಗೆ 2020ರಲ್ಲಿ ನಿರ್ಮಲತೆಗಾಗಿ ಕೊಡುವ ‘ನೀಲಿ ಬಾವುಟ’ದ ಗೌರವವು ಸಂದಿತು. ಅದೇ ಕಾಸರಕೋಡಿನ ಟೊಂಕದಲ್ಲಿ, ಹೆಂಗಸರು ಮೀನು ಒಣಗಿಸುವ ಬಯಲಿನ ಬದಿಯಲ್ಲಿ, ಖಾಸಗಿ ಬಂದರದ ಯೋಜನೆಯು ಬಂದು ಮೀನುಗಾರರ ಪ್ರತಿಭಟನೆಗೆ ಎಡೆಯಾಯಿತು. ಒಂದೇ ಊರಿನ ಮರಳು ವಿಹಾರಿಗೆ ಆಟದ ಬಯಲು, ವ್ಯಾಪಾರಿಗೆ ಹಡಗುಕಟ್ಟೆ, ಒಣಮೀನಿನ ಹೆಂಗಸಿಗೆ ವರ್ಷದ ಅನ್ನ. ಇವರಲ್ಲಿ ಮೊದಲಿನ ಇಬ್ಬರಿಗೆ ನಕ್ಷೆಯಿದೆ, ಕರಾರುಪತ್ರವಿದೆ. ಮೂರನೆಯವಳಿಗೆ ಇರುವದು ವಾಡಿಕೆಯೊಂದೇ.

ವಾಡಿಕೆಯು ಹಕ್ಕಾಗಬಲ್ಲುದೇ ಎಂಬ ಪ್ರಶ್ನೆಯು ಈ ತೀರಕ್ಕೆ ಹೊಸದಲ್ಲ. 1930ರಲ್ಲಿ ಅಂಕೋಲೆಯವರು ಎತ್ತಿದ ಪ್ರಶ್ನೆಯೂ ಇದೇ ಆಗಿತ್ತು. ಬಂಡೆಯ ಗುಂಡಿಯ ಉಪ್ಪಿಗೆ ಯಾರ ಕಾಗದಪತ್ರವೂ ಇರಲಿಲ್ಲ. ಆದರೂ ಅದು ದಡದವರದೆಂದು ಸಾಧಿಸಲು ಸಾವಿರಾರು ಮಂದಿ ಸೆರೆಮನೆಗೆ ಹೋಗಲು ಅಂಜಲಿಲ್ಲ. ಆ ಹೋರಾಟವನ್ನು ಶಾಲೆಯ ಪುಸ್ತಕಗಳಲ್ಲಿ ಓದಿಸುವದೂ, ಅದರ ಸ್ಮರಣೋತ್ಸವಗಳನ್ನು ನಡೆಸುವದೂ ಯೋಗ್ಯವೇ. ಆದರೆ ಉಪ್ಪು ಕೇವಲ ಒಂದು ನೆಪವಾಗಿತ್ತೆಂದು ಬಗೆದರೆ ಆ ಹೋರಾಟಗಾರರಿಗೆ ಅನ್ಯಾಯ ಮಾಡಿದಂತಾಗುವದು. ಅವರಿಗೆ ಉಪ್ಪು ನಿಜವಾಗಿಯೂ ಬೇಕಾಗಿತ್ತು: ಗಂಜಿಗೆ ಬೇಕಾಗಿತ್ತು, ಮೀನಿಗೆ ಬೇಕಾಗಿತ್ತು, ಮಿಡಿಯ ಭರಣಿಗೆ ಬೇಕಾಗಿತ್ತು. ಮಳೆಗಾಲದ ನಾಲ್ಕು ತಿಂಗಳ ಅನ್ನವು ಬೇಸಗೆಯ ಆ ಬಿಳಿಯ ಹರಳಿನ ಮೇಲೆ ನಿಂತಿತ್ತು.

ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಸಹಕಾರಿ ಸಂಘದ ಆಶ್ರಯದಲ್ಲಿ ಉಪ್ಪು ಬೆಳೆಯುತ್ತಿದೆ. ಕಗ್ಗದ ಗದ್ದೆಗಳು ಕಡಿಮೆಯಾಗಿದ್ದರೂ ಬೀಜವಿನ್ನೂ ನಷ್ಟವಾಗಿಲ್ಲ. ವೈಶಾಖದ ಮಧ್ಯಾಹ್ನ ಮರಳಿನ ಮೇಲೆ ಸೆಟ್ಲಿಯನ್ನು ತಿರುವಿಹಾಕುವ ಹೆಂಗಸರು ಕೊಡೆಯ ನೆರಳಿನಲ್ಲಿ ಕುಳಿತ ವಿಹಾರಿಗಳಿಂದ ನೂರು ಮಾರು ದೂರದಲ್ಲಿ ಈಗಲೂ ಕಾಣಸಿಗುವರು. ಇಬ್ಬರೂ ಒಂದೇ ಬಿಸಿಲಿಗೆ ಬಂದವರು. ಜಿಲ್ಲೆಯ ಮುಂದಿನ ಚರಿತ್ರೆಯನ್ನು ಬರೆಯುವವರು ಈ ನೂರು ಮಾರಿನ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು. ದಂಡೆಯ ಬೆಲೆಯನ್ನು ಕಟ್ಟುವ ದಿನ ಬಂದಾಗ, ಅದರ ಮೇಲೆ ಬೇಸಗೆಯನ್ನು ಕಳೆಯುವವರ ಜೊತೆಗೆ ಬೇಸಗೆಯನ್ನು ದುಡಿಯುವವರನ್ನೂ ಕರೆದು ಕೇಳುವ ಪದ್ಧತಿಯೊಂದು ಬೆಳೆದುಬಂದರೆ, ಅಂಕೋಲೆಯ ಆ ಬೇಸಗೆಯಲ್ಲಿ ಮೊದಲಾದ ಕಾರ್ಯವು ಪೂರ್ಣವಾಯಿತೆಂದು ಹೇಳಬಹುದು.